ಗಲ್ಲಾದಲ್ಲಿ ಅನುಮಾನದ ನೋಟು: ದೋಷ ನೋಟಿನದಾ, ಮಷಿನ್‌ದಾ, ಬೆಳಕಿನದಾ?

ಚಿಕ್ಕಮಗಳೂರು ಕಡೆ ದಿನಸಿ, ಹಾರ್ಡ್‌ವೇರ್, ಗೊಬ್ಬರ, ಬೇಕರಿ, ಹೀಗೆ ಯಾವುದೋ ಒಂದು ಅಂಗಡಿ ನಡೆಸುವವರಿಗೆ, ಅದಕ್ಕಿಂತ ಜಾಸ್ತಿಯಾಗಿ ಅಲ್ಲಿ ಗಲ್ಲಾದ ಮೇಲೆ ಕೂರುವ ಹುಡುಗ ಹುಡುಗಿಯರಿಗೆ ಬರೆದದ್ದು ಇದು. ಬ್ಯಾಂಕಿನ ಕ್ಯಾಷಿಯರ್‌ಗೆ ತರಬೇತಿ ಇರುತ್ತದೆ, ಒಳ್ಳೆಯ ಮಷಿನ್ ಇರುತ್ತದೆ. ನಮಗೆ ಇರುವುದು ಎರಡು ಬೆರಳು, ಒಂದು ಟ್ಯೂಬ್‌ಲೈಟು, ಮುಂದೆ ನಿಂತ ಐದಾರು ಜನ.

ಗಲ್ಲಾದಲ್ಲಿ ಆಗುವ ಎಡವಟ್ಟು ಎರಡು ತರಹದ್ದು. ಖೋಟಾ ನೋಟು ಗೊತ್ತಾಗದೆ ಒಳಗೆ ಬರುವುದು ಒಂದು. ಒಳ್ಳೆಯ ನೋಟನ್ನೇ ಖೋಟಾ ಅಂದು ವಾಪಸ್ ಕೊಟ್ಟು, ಗಿರಾಕಿಯ ಮುಖ ಸಪ್ಪೆ ಮಾಡಿ ಕಳಿಸುವುದು ಇನ್ನೊಂದು. ಮಲೆನಾಡಿನ ಅಂಗಡಿಗಳಲ್ಲಿ ಎರಡನೆಯದೇ ಜಾಸ್ತಿ ಅನ್ನುವುದು ನನ್ನ ಲೆಕ್ಕ. ಇಲ್ಲಿ ನೋಟು ಮಳೆಯಲ್ಲಿ ನೆನೆಯುತ್ತದೆ, ತೋಟದ ಮಣ್ಣು ಮೆತ್ತಿಕೊಳ್ಳುತ್ತದೆ, ಜೇಬಿನಲ್ಲೇ ಉಳಿದು ಸೋಪಿನ ನೀರಿಗೂ ಬೀಳುತ್ತದೆ. ಹಾಗಾದ ನೋಟು ಮಷಿನ್‌ಗೂ ಹಿಡಿಸುವುದಿಲ್ಲ, ಕಣ್ಣಿಗೂ ಹಿಡಿಸುವುದಿಲ್ಲ.

ಹಾಗಂತ ಖೋಟಾ ನೋಟು ಇಲ್ಲವೇ ಇಲ್ಲ ಅಂತಲ್ಲ. ರಿಸರ್ವ್ ಬ್ಯಾಂಕಿನ ವಾರ್ಷಿಕ ವರದಿ ಪ್ರಕಾರ 2024-25ರಲ್ಲಿ ದೇಶದ ಬ್ಯಾಂಕುಗಳಲ್ಲಿ ಸಿಕ್ಕಿಬಿದ್ದ ಖೋಟಾ ನೋಟು ಸುಮಾರು 2.17 ಲಕ್ಷ. ಅದರಲ್ಲಿ ಹೊಸ ಸರಣಿಯ 500ರ ನೋಟೇ ಸುಮಾರು 1.18 ಲಕ್ಷ. ಅಂದರೆ ಅರ್ಧಕ್ಕೂ ಜಾಸ್ತಿ. ಆದ್ದರಿಂದ ಮುಂದೆ ಹೇಳುವುದೆಲ್ಲ ಮುಖ್ಯವಾಗಿ 500ರ ನೋಟಿನ ಮೇಲೆ. 200, 100ಕ್ಕೆ ಬೇರೆ ಏನಾದರೂ ಇದ್ದರೆ ಅಲ್ಲಲ್ಲೇ ಹೇಳುತ್ತೇನೆ.

ಮೊದಲು ಕೈ, ಆಮೇಲೆ ಕಣ್ಣು, ಕೊನೆಗೆ ಮಷಿನ್

ನೋಟು ಕೈಗೆ ಬಂದ ತಕ್ಷಣ ಎಡ ಅಂಚಿನ ಮೇಲೆ ಹೆಬ್ಬೆರಳು ಆಡಿಸಿ. 500ರ ನೋಟಿನ ಎಡಕ್ಕೂ ಬಲಕ್ಕೂ ಅಂಚಿನಲ್ಲಿ ಐದೈದು ಓರೆ ಗೆರೆ ಇವೆ. ಅವು ಉಬ್ಬು ಅಚ್ಚು, ಉಗುರಿಗೆ ತಡೆಯುತ್ತವೆ. 200ರಲ್ಲಿ ನಾಲ್ಕು ಗೆರೆ, ನಡುವೆ ಎರಡು ಸೊನ್ನೆ. 100ರಲ್ಲಿ ಬರೀ ನಾಲ್ಕು ಗೆರೆ. ಬಲಗಡೆ ಇನ್ನೊಂದು ಉಬ್ಬು ಗುರುತೂ ಇದೆ: 500ಕ್ಕೆ ವೃತ್ತ, 200ಕ್ಕೆ ಇಂಗ್ಲಿಷಿನ ಎಚ್ ಆಕಾರ, 100ಕ್ಕೆ ತ್ರಿಕೋನ. ಇವನ್ನು ಕಣ್ಣು ಕಾಣದವರಿಗೆ ಅಂತ ಇಟ್ಟದ್ದು. ಆದರೆ ಸಂಜೆ ಏಳು ಗಂಟೆಯ ರಶ್ಶಿನಲ್ಲಿ ಗಲ್ಲಾದವನಿಗೂ ಇವೇ ದಿಕ್ಕು. ಗಾಂಧೀಜಿ ಚಿತ್ರ ಮತ್ತು ಅಶೋಕ ಸ್ತಂಭ ಕೂಡ ಉಬ್ಬು ಅಚ್ಚಿನವೇ. 50, 20, 10ರ ಹೊಸ ನೋಟಿನಲ್ಲಿ ಈ ಗೆರೆಗಳನ್ನು ಹುಡುಕಬೇಡಿ.

ಬೆರಳು ಆಡಿಸುವಾಗಲೇ ಕಾಗದವೂ ಮಾತಾಡುತ್ತದೆ. ನಮ್ಮ ನೋಟು ಮರದ ತಿರುಳಿನ ಕಾಗದವಲ್ಲ, ಹತ್ತಿಯದು. ಹಾಸನದ ಮೇಲೆ ಬಸ್ಸು ಹತ್ತಿದರೆ ಅರ್ಧ ದಿನದೊಳಗೆ ತಲುಪುವ ಮೈಸೂರಿನಲ್ಲೇ ನೋಟಿನ ಕಾಗದ ಮಾಡುವ ಕಾರ್ಖಾನೆಯೂ ಇದೆ, 1996ರಿಂದ ನೋಟು ಅಚ್ಚು ಹಾಕುವ ಮುದ್ರಣಾಲಯವೂ ಇದೆ. ಹತ್ತಿಯ ಕಾಗದ ಹೊಸದಿದ್ದಾಗ ಗರಿಗರಿ, ಹಳೆಯದಾದಾಗ ಬಟ್ಟೆಯ ಹಾಗೆ ಮೆತ್ತಗೆ. ಜೆರಾಕ್ಸ್ ಕಾಗದದ ನೋಟು ಇದಕ್ಕೆ ಉಲ್ಟಾ. ಹೊಸದಿದ್ದಾಗ ನುಣ್ಣಗೆ ಜಾರುತ್ತದೆ, ನಾಲ್ಕು ಕೈ ದಾಟಿದ ಮೇಲೆ ಮಡಿಕೆಯಲ್ಲಿ ಬಿಳಿ ಗೆರೆ ಬಿದ್ದು ಅಲ್ಲೇ ಹರಿಯಲು ಶುರುವಾಗುತ್ತದೆ.

ಆಮೇಲೆ ನೋಟನ್ನು ಸ್ವಲ್ಪ ಓರೆ ಮಾಡಿ. ಮೇಲಿಂದ ಕೆಳಗೆ ಹೋಗುವ ಹೊಳೆಯುವ ಪಟ್ಟಿಯ ಬಣ್ಣ ಹಸಿರಿನಿಂದ ನೀಲಿಗೆ ತಿರುಗಬೇಕು. 500 ಮತ್ತು 200ರಲ್ಲಿ ಬಲಗಡೆ ಕೆಳಗೆ ರೂಪಾಯಿ ಚಿಹ್ನೆ ಜೊತೆಗಿರುವ ಅಂಕಿಯೂ ಹಾಗೇ ತಿರುಗಬೇಕು. ಕೊನೆಗೆ ಬೆಳಕಿಗೆ ಹಿಡಿದು ನೀರುಗುರುತು, ಅಂದರೆ ಕಾಗದದೊಳಗೆ ನೆರಳಿನಂತೆ ಕಾಣುವ ಗಾಂಧೀಜಿ ಮುಖ, ನೋಡುವುದು.

ಈ ಮೂರರಲ್ಲಿ ಒಂದು ತಪ್ಪಿದರೆ ನೋಟು ಅನುಮಾನದ್ದು, ಅಷ್ಟೇ. ಒಂದಕ್ಕೊಂದು ಸಂಬಂಧ ಇಲ್ಲದ ಎರಡು ಗುರುತು ತಪ್ಪಿದರೆ ಮಾತ್ರ ಖೋಟಾ ಅಂತ ಲೆಕ್ಕ ಹಾಕಿ. ಉದಾಹರಣೆಗೆ, ಪಟ್ಟಿಯೂ ತಿರುಗಲಿಲ್ಲ, ನೀರುಗುರುತೂ ಸರಿಯಿಲ್ಲ. ಕೊಳೆಯೋ ನೀರೋ ಎರಡನ್ನೂ ಒಟ್ಟಿಗೆ ಕೆಡಿಸುವುದು ಅಪರೂಪ. ಮುಂದಿನದೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ಲಕ್ಷಣ: ಕೌಂಟಿಂಗ್ ಮಷಿನ್ ಬೀಪ್ ಹೊಡೆದು ನಿಲ್ಲುತ್ತದೆ

ಬೀಪ್ ಅಂದ ಕೂಡಲೇ ಗಿರಾಕಿಯ ಮುಖ ನೋಡಬೇಡಿ. ಮಷಿನ್‌ನ ಪರದೆ ನೋಡಿ. ಯುವಿ (ನೇರಳಾತೀತ ಬೆಳಕಿನ ಪರೀಕ್ಷೆ) ಅಂತ ತೋರಿಸಿದೆಯಾ, ಎಂಜಿ ಅಂತ ತೋರಿಸಿದೆಯಾ, ಅಥವಾ ಡಬಲ್, ಅಳತೆ ಅಂತ ತೋರಿಸಿದೆಯಾ? ಒಂದೊಂದಕ್ಕೂ ಕಾರಣ ಬೇರೆ.

ಡಬಲ್ ಅಂದರೆ ಎರಡು ನೋಟು ಅಂಟಿಕೊಂಡು ಹೋಗಿವೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಇದು ನಮ್ಮಲ್ಲಿ ದಿನದ ಪಾಡು. ಕಂತೆಯನ್ನು ಬೀಸಣಿಗೆಯಂತೆ ಹರಡಿ, ಒಂದು ಸಲ ಗಾಳಿಗೆ ಆಡಿಸಿ ಮತ್ತೆ ಇಡಿ. ಖೋಟಾಗೂ ಇದಕ್ಕೂ ಏನೂ ಸಂಬಂಧವಿಲ್ಲ.

ಅಳತೆಯ ತಕರಾರು ಬಂದರೆ ಮೊದಲು ಕಂತೆಯೊಳಗೆ ಬೇರೆ ಮೌಲ್ಯದ ನೋಟು ಸೇರಿದೆಯಾ ನೋಡಿ. 500ರ ನೋಟು 150 ಮಿಲಿಮೀಟರ್ ಉದ್ದ, 200ರದು 146, 100ರದು 142. ಮೂರೂ 66 ಮಿಲಿಮೀಟರ್ ಅಗಲ. ನಾಲ್ಕು ಮಿಲಿಮೀಟರ್ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ, ಮಷಿನ್‌ಗೆ ಕಾಣುತ್ತದೆ. ಮೂಲೆ ಮಡಿಚಿದ್ದರೂ, ಹರಿದು ಟೇಪು ಅಂಟಿಸಿದ್ದರೂ ಇದೇ ಬೀಪ್. ಎಲ್ಲವೂ ಸರಿಯಿದ್ದು ನೋಟು ಮಾತ್ರ ಗಿಡ್ಡ ಅನಿಸಿದರೆ, ಚೆನ್ನಾಗಿ ಗೊತ್ತಿರುವ ಇನ್ನೊಂದು 500ರ ಮೇಲೆ ಜೋಡಿಸಿ ನೋಡಿ. ಕೈಯಲ್ಲಿ ಕತ್ತರಿಸಿದ ಖೋಟಾ ನೋಟಿನ ಅಂಚು ಒಂದು ಕಡೆ ಹೊರಗೆ, ಒಂದು ಕಡೆ ಒಳಗೆ ಇರುತ್ತದೆ. ನಾಲ್ಕೂ ಕಡೆ ಸಮ ಇದ್ದು ಕೂದಲೆಳೆಯಷ್ಟು ಚಿಕ್ಕದಿದ್ದರೆ ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಎಂಜಿ ಅನ್ನುವುದು ಅಯಸ್ಕಾಂತದ ಪರೀಕ್ಷೆ. ನೋಟಿನ ಪಟ್ಟಿಯನ್ನು ಮಷಿನ್ ಓದುವ ಹಾಗೆ ಮಾಡಿರುತ್ತಾರೆ. ಅದು ಸಿಗದಿದ್ದರೆ ಮಷಿನ್ ನಿಲ್ಲುತ್ತದೆ. ಒಂದೇ ನೋಟು, ತಿರುಗಿಸಿ ಇಟ್ಟರೂ ಮಗುಚಿ ಇಟ್ಟರೂ ಪ್ರತಿ ಸಲ ಎಂಜಿ ತೋರಿಸಿದರೆ ಗಂಭೀರವಾಗಿ ತಗೊಳ್ಳಿ. ಬೇರೆ ಬೇರೆ ನೋಟಿಗೆ ಮನಬಂದಂತೆ ತೋರಿಸುತ್ತಿದ್ದರೆ ದೋಷ ಮಷಿನ್‌ದು. ನೋಟಿನ ಧೂಳು ಸೆನ್ಸರ್ ಮೇಲೆ ಕೂತಿರುತ್ತದೆ. ಮಷಿನ್ ಆಫ್ ಮಾಡಿ, ಪ್ಲಗ್ ತೆಗೆದು, ಮೆತ್ತನೆಯ ಬ್ರಶ್ಶಿನಿಂದ ಒರೆಸಿ. ಒದ್ದೆ ಬಟ್ಟೆ ಬೇಡ. ಗೊಬ್ಬರದ ಅಂಗಡಿ, ಸಿಮೆಂಟ್ ಅಂಗಡಿಯವರು ಈ ಕೆಲಸವನ್ನು ವಾರಕ್ಕೊಮ್ಮೆಯಾದರೂ ಮಾಡಲೇಬೇಕು.

ಇದಕ್ಕೆ ಒಂದು ಸುಲಭದ ಉಪಾಯ ಇದೆ. ಬ್ಯಾಂಕಿನಿಂದ ತಂದ ಒಂದು ಒಳ್ಳೆಯ 500ರ ನೋಟನ್ನು ಕವರಿನಲ್ಲಿ ಹಾಕಿ ಗಲ್ಲಾದ ಪಕ್ಕ ಇಡಿ. ಅದನ್ನು ಖರ್ಚು ಮಾಡಬೇಡಿ. ಮಷಿನ್ ಮೇಲೆ ಅನುಮಾನ ಬಂದಾಗೆಲ್ಲ ಮೊದಲು ಆ ನೋಟನ್ನು ಓಡಿಸಿ. ಅದಕ್ಕೂ ಬೀಪ್ ಹೊಡೆದರೆ ಎದುರಿಗೆ ನಿಂತ ಗಿರಾಕಿಯ ತಪ್ಪೇನೂ ಇಲ್ಲ, ಅಲ್ವಾ?

ಲಕ್ಷಣ: ಯುವಿ ಬೆಳಕಿನಲ್ಲಿ ನೋಟು ಬೆಳ್ಳಗೆ ಹೊಳೆಯುತ್ತದೆ

ಜನ ಅತಿ ಹೆಚ್ಚು ಮೋಸಹೋಗುವ ಜಾಗ ಇದು. ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನೋಟಿನ ಹತ್ತಿ ಕಾಗದ ಯುವಿ ಬೆಳಕಿನಲ್ಲಿ ಮಂಕಾಗಿ ಇರುತ್ತದೆ. ಅದರ ಮೇಲೆ ಅಲ್ಲಲ್ಲಿ ಚದುರಿದ ಚಿಕ್ಕ ಎಳೆಗಳು, ನಂಬರಿನ ಅಂಕಿಗಳು, ಪಟ್ಟಿ ಇವು ಮಾತ್ರ ಹೊಳೆಯುತ್ತವೆ. ಮಾಮೂಲಿ ಬಿಳಿ ಕಾಗದಕ್ಕೆ ಬೆಳ್ಳಗೆ ಕಾಣಲಿ ಅಂತ ಹೊಳಪಿನ ರಾಸಾಯನಿಕ ಹಾಕಿರುತ್ತಾರೆ. ಹಾಗಾಗಿ ಅದು ಇಡಿಯಾಗಿ ನೀಲಿ ಮಿಶ್ರಿತ ಬಿಳಿಯಾಗಿ ಹೊಳೆಯುತ್ತದೆ. ಲೆಕ್ಕ ಸರಳ: ಕಾಗದ ಮಂಕು, ಎಳೆ ಹೊಳಪು ಇದ್ದರೆ ಸರಿ. ಕಾಗದವೇ ಹೊಳಪಾಗಿದ್ದು ಎಳೆಗಳೇ ಇಲ್ಲದಿದ್ದರೆ ಅನುಮಾನ.

ತೊಂದರೆ ಏನಪ್ಪಾ ಅಂದರೆ, ಬಟ್ಟೆ ಒಗೆಯುವ ಪುಡಿಯಲ್ಲೂ ಅದೇ ಜಾತಿಯ ಹೊಳಪಿನ ರಾಸಾಯನಿಕ ಇದೆ. ಜೇಬಿನಲ್ಲಿ ಮರೆತು ಒಗೆದ ನೋಟು ಅದನ್ನು ಹೀರಿಕೊಂಡು, ಯುವಿ ಕೆಳಗೆ ಜೆರಾಕ್ಸ್ ಕಾಗದದ ಹಾಗೇ ಹೊಳೆಯುತ್ತದೆ. ಮಷಿನ್ ಅದನ್ನು ಖೋಟಾ ಅನ್ನುತ್ತದೆ. ಮಷಿನ್‌ಗೆ ಅಷ್ಟೇ ಗೊತ್ತು.

ಕಾಫಿ ಕೊಯ್ಲಿನ ಕಾಲದಲ್ಲಿ, ಬಟವಾಡೆ ಆದ ಮಾರನೇ ದಿನ ಇಂಥ ನೋಟು ಬಂದೇ ಬರುತ್ತದೆ. ಒಂದು ಸಲ ತೋಟದ ಲೈನ್ ಮನೆಯಿಂದ ಬಂದ ಹೆಂಗಸು ಅಕ್ಕಿ, ಬೇಳೆ, ಎಣ್ಣೆ ತಗೊಂಡು 500 ಕೊಟ್ಟರು. ಮಷಿನ್ ಯುವಿ ಅಂತ ನಿಂತಿತು. ಗಲ್ಲಾದ ಹುಡುಗ ನೋಟು ವಾಪಸ್ ಚಾಚಿದ.

"ಅಕ್ಕಾ, ಇದು ಆಗಲ್ಲ, ಬೇರೆ ಕೊಡಿ."

"ಬೇರೆ ಎಲ್ಲಿಂದ ತರ್ಲಿ ತಮ್ಮಾ, ರೈಟ್ರು ನಿನ್ನೆ ಬಟವಾಡೆಲಿ ಕೊಟ್ಟಿದ್ದೇ ಇದು."

"ಒಗೆದ್ರಾ ಇದನ್ನ?"

"ಅಂಗಿ ಜೇಬಲ್ಲಿತ್ತು. ನೆನೆ ಹಾಕಿದ್ಮೇಲೆ ನೆನಪಾಯ್ತು."

ನೋಟನ್ನು ಯುವಿ ಕೆಳಗೆ ಮತ್ತೆ ಹಿಡಿದು ನೋಡಿದರೆ ಕಾಗದವೇನೋ ಹೊಳೆಯುತ್ತಿತ್ತು, ಆದರೆ ಸಮನಾಗಿ ಅಲ್ಲ. ಮಡಿಕೆಯ ಒಳಗೆ ಮಂಕು, ಹೊರಗೆ ಹೊಳಪು. ಆ ಹೊಳಪಿನ ಮಧ್ಯೆ ಸಣ್ಣ ಎಳೆಗಳು ಅಲ್ಲೊಂದು ಇಲ್ಲೊಂದು ಹಾಗೇ ಕಾಣುತ್ತಿದ್ದವು. ಪಟ್ಟಿ ಓರೆ ಮಾಡಿದಾಗ ನೀಲಿಗೆ ತಿರುಗಿತು. ಬೆಳಕಿಗೆ ಹಿಡಿದಾಗ ನೀರುಗುರುತಿನ ಗಾಂಧೀಜಿ, ಪಕ್ಕದಲ್ಲಿ 500 ಅನ್ನುವ ಅಂಕಿ ಸ್ಪಷ್ಟವಾಗಿತ್ತು. ಕೆಟ್ಟದ್ದು ಒಂದೇ ಗುರುತು, ಅದಕ್ಕೂ ಕಾರಣ ಸಿಕ್ಕಿತ್ತು. ನೋಟು ಗಲ್ಲಾಗೆ ಹೋಯಿತು.

ಒಗೆದ ನೋಟಿನ ಗುರುತು ಇದೇ: ಹೊಳಪು ಮೋಡ ಮೋಡವಾಗಿರುತ್ತದೆ, ಎಳೆಗಳು ಉಳಿದಿರುತ್ತವೆ. ಖೋಟಾ ನೋಟಿನಲ್ಲಿ ಅಂಚಿನಿಂದ ಅಂಚಿಗೆ ಒಂದೇ ಸಮ ಹೊಳಪು. ಎಳೆ ಇರುವುದಿಲ್ಲ, ಇದ್ದರೂ ಅಚ್ಚು ಹಾಕಿದ ಗೀಟಿನ ಹಾಗೆ ಎಲ್ಲ ನೋಟಿನಲ್ಲೂ ಒಂದೇ ಜಾಗದಲ್ಲಿ ಇರುತ್ತವೆ. ಅಸಲಿಯಲ್ಲಿ ಯಾವ ಎರಡು ನೋಟಿನ ಎಳೆಗಳೂ ಒಂದೇ ಜಾಗದಲ್ಲಿ ಬಿದ್ದಿರುವುದಿಲ್ಲ.

ಯುವಿ ಟಾರ್ಚ್ ಹಿಡಿದರೆ ಎಲ್ಲ ನೋಟೂ ನೇರಳೆಯಾಗೇ ಕಾಣುತ್ತದೆ ಅನ್ನುವವರೂ ಇದ್ದಾರೆ. ಅದು ಟಾರ್ಚಿನ ದೋಷ. ಅಗ್ಗದ ಟಾರ್ಚುಗಳು ಸುಮಾರು 395 ನ್ಯಾನೋಮೀಟರಿನವು, ಅವುಗಳಿಂದ ಕಣ್ಣಿಗೆ ಕಾಣುವ ನೇರಳೆ ಬೆಳಕೇ ಜಾಸ್ತಿ ಬರುತ್ತದೆ. ಆ ನೇರಳೆಯಲ್ಲಿ ಎಳೆಗಳ ಹೊಳಪು ಮುಚ್ಚಿಹೋಗುತ್ತದೆ. 365 ನ್ಯಾನೋಮೀಟರ್ ಅಂತ ಬರೆದಿರುವುದನ್ನು ಕೇಳಿ ತಗೊಳ್ಳಿ. ಅದೂ ಬಿಸಿಲು ಬೀಳುವ ಕೌಂಟರ್ ಮೇಲೆ ಕೆಲಸ ಮಾಡುವುದಿಲ್ಲ. ಬಿಸ್ಕತ್ತಿನ ಖಾಲಿ ರಟ್ಟಿನ ಡಬ್ಬಿಯೊಳಗೆ ನೋಟು ಇಟ್ಟು ಟಾರ್ಚ್ ಬಿಡಿ, ಸಾಕು. ಬೆಳಕನ್ನು ಕಣ್ಣಿಗೆ ಬಿಟ್ಟುಕೊಳ್ಳಬೇಡಿ.

ಲಕ್ಷಣ: ಪಟ್ಟಿ ಬಣ್ಣ ಬದಲಾಯಿಸುತ್ತಿಲ್ಲ

ಮೊದಲ ಪ್ರಶ್ನೆ, ಯಾವ ನೋಟು? ಹೊಸ ಸರಣಿಯ 50, 20, 10ರ ಪಟ್ಟಿ ಬಣ್ಣ ಬದಲಾಯಿಸುವುದಿಲ್ಲ. ಅಲ್ಲಿ ದೋಷ ಹುಡುಕುವುದು ಸುಮ್ನೆ ಕಾಲಹರಣ.

ಎರಡನೇ ಪ್ರಶ್ನೆ, ಬೆಳಕು ಎಲ್ಲಿಂದ ಬರುತ್ತಿದೆ? ತಲೆ ಮೇಲೆ ಉದ್ದನೆಯ ಟ್ಯೂಬ್‌ಲೈಟು ಎರಡು ಮೂರು ಇರುವ ಅಂಗಡಿಯಲ್ಲಿ ಬೆಳಕು ಎಲ್ಲ ದಿಕ್ಕಿನಿಂದ ಬಿದ್ದು, ಹಸಿರು ನೀಲಿ ಎರಡೂ ಕಲಸಿಹೋಗುತ್ತವೆ. ಗಲ್ಲಾದ ಮೇಲೆ ಒಂದು ಚಿಕ್ಕ ಬಿಳಿ ಬಲ್ಬು ಇಳಿಬಿಡಿ. ಬೆಳಕು ಒಂದೇ ಕಡೆಯಿಂದ ಬಂದರೆ ಪಟ್ಟಿ ಚೆನ್ನಾಗಿ ತಿರುಗುತ್ತದೆ. ಅಲಂಕಾರಕ್ಕೆ ಅಂತ ಹಳದಿ ಬಲ್ಬು ಹಾಕುವ ಕೆಫೆ, ಬೇಕರಿಗಳಲ್ಲಿ ಈ ತೊಂದರೆ ಇನ್ನೂ ಜಾಸ್ತಿ. ವಾರದ ಕೊನೆಗೆ ಮುಳ್ಳಯ್ಯನಗಿರಿ ನೋಡಲು ಬರುವವರ ನೋಟೆಲ್ಲ ಎಣಿಸುವುದು ಅದೇ ಬಲ್ಬಿನ ಕೆಳಗೆ ತಾನೇ?

ಬೆಳಕು ಸರಿ ಮಾಡಿದ ಮೇಲೂ ಪಟ್ಟಿ ಹಸಿರಾಗೇ ಉಳಿದರೆ ಹತ್ತಿರದಿಂದ ನೋಡಿ. ಅಸಲಿ ಪಟ್ಟಿ ಮುಂಭಾಗದಲ್ಲಿ ಕಿಟಕಿ ಕಿಟಕಿಯಾಗಿ ಮೇಲೆ ಬಂದು ಒಳಗೆ ಹೋಗುತ್ತದೆ. ಬೆಳಕಿಗೆ ಹಿಡಿದರೆ ಮಾತ್ರ ಮೇಲಿಂದ ಕೆಳಗೆ ಒಂದೇ ಗೆರೆ. ಪಟ್ಟಿಯಲ್ಲಿ ಹಿಂದಿಯಲ್ಲಿ ಭಾರತ್ ಅಂತಲೂ ಇಂಗ್ಲಿಷಿನಲ್ಲಿ ಆರ್‌ಬಿಐ ಅಂತಲೂ ಓದಬಹುದು. ಖೋಟಾ ನೋಟಿನಲ್ಲಿ ಹೊಳೆಯುವ ಹಸಿರು ಹಾಳೆಯ ಚೂರುಗಳನ್ನು ಮೇಲೆ ಅಂಟಿಸಿರುತ್ತಾರೆ, ಇಲ್ಲವೇ ಮಿನುಗುವ ಮಸಿ ಬಳಿದಿರುತ್ತಾರೆ. ಅಂಟಿಸಿದ್ದಾದರೆ ಉಗುರಿನ ತುದಿಗೆ ಅದರ ಅಂಚು ಎದ್ದು ಬರುತ್ತದೆ. ಬಳಿದದ್ದಾದರೆ ಬೆಳಕಿಗೆ ಹಿಡಿದಾಗ ನಡುವೆ ತುಂಡು ತುಂಡು, ಒಂದೇ ಗೆರೆ ಕಾಣುವುದಿಲ್ಲ.

ಸ್ವಲ್ಪ ಜಾಣರು ತೆಳು ಕಾಗದ ಎರಡು ತಗೊಂಡು, ನಡುವೆ ದಾರ ಇಟ್ಟು ಅಂಟಿಸುತ್ತಾರೆ. ಇದರಲ್ಲಿ ಬೆಳಕಿಗೆ ಹಿಡಿದರೂ ಗೆರೆ ಕಾಣುತ್ತದೆ. ಇಂಥ ನೋಟಿನ ಮೂಲೆಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಉಜ್ಜಿ. ಮಳೆಗಾಲದ ತೇವಕ್ಕೆ ಅಂಟು ಸಡಿಲವಾಗಿ ಮೂಲೆ ಎರಡು ಪದರವಾಗಿ ಬಿಚ್ಚಿಕೊಳ್ಳುತ್ತದೆ. ಮಲೆನಾಡಿನ ಮಳೆ ನಮ್ಮ ಪರ ನಿಲ್ಲುವುದು ಇದೊಂದೇ ಕಡೆ.

ಲಕ್ಷಣ: ನೀರುಗುರುತು ಮಸುಕು, ಅಥವಾ ಜಾಸ್ತಿಯೇ ಸ್ಪಷ್ಟ

ಮಸುಕಾಗಿರುವುದಕ್ಕೆ ಕೊಳೆ ಕಾರಣ ಇರಬಹುದು. ಜಾಸ್ತಿ ಸ್ಪಷ್ಟವಾಗಿರುವುದಕ್ಕೇ ಹೆದರಬೇಕು. ಅಸಲಿ ನೀರುಗುರುತು ಕಾಗದ ಮಾಡುವಾಗಲೇ ಒಳಗೆ ಬಂದದ್ದು. ಮೇಜಿನ ಮೇಲೆ ಇಟ್ಟರೆ ಕಾಣುವುದಿಲ್ಲ, ಹಿಂದಿನಿಂದ ಬೆಳಕು ಬಂದಾಗ ಮಾತ್ರ ಗಾಂಧೀಜಿ ಮುಖ ನೆರಳು ಬೆಳಕಾಗಿ ಎದ್ದು ಬರುತ್ತದೆ. ಕೆನ್ನೆಯಿಂದ ಕಿವಿಯ ಕಡೆಗೆ ಬೂದು ಬಣ್ಣ ನಿಧಾನಕ್ಕೆ ಗಾಢವಾಗುತ್ತದೆ. ಪಕ್ಕದ ಅಂಕಿ ಮುಖಕ್ಕಿಂತ ತಿಳಿಯಾಗಿ, ಚುರುಕಾಗಿ ಕಾಣುತ್ತದೆ. ಖೋಟಾ ನೋಟಿನಲ್ಲಿ ಇದನ್ನು ಬೂದು ಮಸಿಯಲ್ಲೋ ಎಣ್ಣೆಯಂಥ ಏನಾದರಲ್ಲೋ ಬರೆದಿರುತ್ತಾರೆ. ಮೇಜಿನ ಮೇಲೆ ಇಟ್ಟಾಗಲೂ ಕಲೆಯ ಹಾಗೆ ಕಾಣುತ್ತದೆ, ಮುಖಕ್ಕೆ ಗಡಿ ಗೆರೆ ಇರುತ್ತದೆ, ಒಳಗೆ ನೆರಳು ಬೆಳಕು ಇರುವುದಿಲ್ಲ.

ಬೆಳಕಿಗೆ ಹಿಡಿದಾಗಲೇ ಎಡಗಡೆ ಕೆಳಗೆ ನೋಡಿಬಿಡಿ. ಅಲ್ಲಿ 500 ಅನ್ನುವುದರ ಅರ್ಧ ಭಾಗ ಮುಂದೆ, ಇನ್ನರ್ಧ ಹಿಂದೆ ಅಚ್ಚಾಗಿದೆ. ಬೆಳಕು ಹಾದಾಗ ಎರಡೂ ಸೇರಿ ಪೂರ್ತಿ ಅಂಕಿಯಾಗಬೇಕು. ಮುಂದೆ ಬೇರೆ, ಹಿಂದೆ ಬೇರೆ ಪ್ರಿಂಟ್ ತೆಗೆದವರಿಗೆ ಇದನ್ನು ಕೂಡಿಸುವುದು ಕಷ್ಟ, ಒಂದರ ಪಕ್ಕ ಒಂದು ಜಾರಿರುತ್ತದೆ.

ಕರೆಂಟ್ ಹೋದ ಸಂಜೆಗೂ ಇಷ್ಟು ಸಾಕು. ಮೊಬೈಲ್ ಟಾರ್ಚನ್ನು ನೋಟಿನ ಹಿಂದೆ ಹಿಡಿದರೆ ನೀರುಗುರುತು ಮತ್ತು ಪಟ್ಟಿ. ಅದನ್ನೇ ಪಕ್ಕದಿಂದ, ನೋಟಿಗೆ ತಾಗುವಷ್ಟು ಓರೆಯಾಗಿ ಬಿಟ್ಟರೆ ಉಬ್ಬು ಗೆರೆಗಳ ನೆರಳು.

ಲಕ್ಷಣ: ಅಚ್ಚು ಏನೋ ಸರಿಯಿಲ್ಲ ಅನ್ನಿಸುತ್ತದೆ

ಈ ಅನ್ನಿಸುವಿಕೆಯನ್ನು ಕಡೆಗಣಿಸಬೇಡಿ, ಆದರೆ ಅದಕ್ಕೆ ಸಾಕ್ಷಿ ಹುಡುಕಿ. ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ನೋಟಿನ ಹಿಂಭಾಗದ ಭಾಷಾಪಟ್ಟಿಗೆ ಹಿಡಿಯಿರಿ. ಹದಿನೈದು ಭಾಷೆಗಳಲ್ಲಿ ಮೇಲಿನಿಂದ ನಾಲ್ಕನೆಯದು ಕನ್ನಡ. ದಿನಾ ಓದುವ ಅಕ್ಷರವಾದ್ದರಿಂದ ಒತ್ತು ಹರಡಿದ್ದರೂ, ಸೊನ್ನೆ ಮುಚ್ಚಿಹೋಗಿದ್ದರೂ ನಮ್ಮ ಕಣ್ಣಿಗೆ ತಟ್ಟನೆ ಹೊಡೆಯುತ್ತದೆ. ಅಸಲಿಯಲ್ಲಿ ಅಕ್ಷರದ ಅಂಚು ಕತ್ತರಿಸಿದಂತೆ ಚೂಪು. ಕಂಪ್ಯೂಟರ್ ಪ್ರಿಂಟರಿನದಾದರೆ ಅಂಚಿನಲ್ಲಿ ಬಣ್ಣದ ಚುಕ್ಕಿಗಳು. ಮುಂಭಾಗದಲ್ಲಿ ಬರಿಗಣ್ಣಿಗೆ ಗೆರೆಯಂತೆ ಕಾಣುವ ಸಣ್ಣ ಅಕ್ಷರಗಳಿವೆ. ಜೂಮ್‌ನಲ್ಲಿ ಅವು ಅಕ್ಷರವಾಗಿ ಓದಲು ಬರಬೇಕು, ಬರೀ ಚುಕ್ಕಿ ಸಾಲಾಗಬಾರದು. ನೋಟಿನ ಒಂದು ಮೂಲೆಯನ್ನು ಒದ್ದೆ ಬೆರಳಿನಿಂದ ಉಜ್ಜಿದಾಗ ಬಣ್ಣ ಬಂದರೆ ಇಂಕ್‌ಜೆಟ್ ಪ್ರಿಂಟರಿನ ಮಸಿ ಇರಬಹುದು.

ಆಮೇಲೆ ನಂಬರು. ಮೇಲೆ ಎಡಕ್ಕೆ ಒಂದು, ಕೆಳಗೆ ಬಲಕ್ಕೆ ಒಂದು, ಎರಡೂ ಒಂದೇ ಆಗಿರಬೇಕು. ಮೊದಲ ಮೂರು ಗುರುತು ಒಂದೇ ಗಾತ್ರ, ಅಲ್ಲಿಂದ ಮುಂದೆ ಅಂಕಿಗಳು ಎಡದಿಂದ ಬಲಕ್ಕೆ ದೊಡ್ಡದಾಗುತ್ತಾ ಹೋಗಬೇಕು. ಒಬ್ಬರೇ ನಾಲ್ಕೈದು 500 ಕೊಟ್ಟರೆ ನಂಬರುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಖೋಟಾ ಮಾಡುವವರು ಒಂದೇ ನಂಬರನ್ನು ಮತ್ತೆ ಮತ್ತೆ ಒತ್ತುತ್ತಾರೆ. ಎರಡು ನೋಟಿಗೆ ಒಂದೇ ನಂಬರು ಇದ್ದರೆ ಮುಂದಕ್ಕೆ ಯೋಚಿಸುವುದೇ ಬೇಡ.

2025ರ ಏಪ್ರಿಲ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ಒಂದು ಎಚ್ಚರಿಕೆ ಕೊಟ್ಟಿತ್ತು. ಅಚ್ಚುಕಟ್ಟಾಗಿ ಮಾಡಿದ 500ರ ಖೋಟಾ ನೋಟಿನಲ್ಲಿ ಇಂಗ್ಲಿಷಿನ ರಿಸರ್ವ್ ಪದದಲ್ಲಿ ಒಂದು ಇ ಬದಲು ಎ ಬಿದ್ದಿದೆ ಅಂತ. ಅದು ಗೊತ್ತಿರಲಿ. ಆದರೆ ಕಾಗುಣಿತ ಸರಿಯಿದೆ ಅಂತ ನೋಟನ್ನು ಪಾಸು ಮಾಡಬೇಡಿ, ಮುಂದಿನ ಸಲ ಅಚ್ಚು ಹಾಕುವಾಗ ಅವರೂ ತಿದ್ದಿಕೊಳ್ಳುತ್ತಾರೆ.

ದೋಷವೇ ಅಲ್ಲದವು

ನಂಬರಿನ ನಡುವೆ ನಕ್ಷತ್ರ ಇರುವ ನೋಟು ಖೋಟಾ ಅಂತ ವಾಟ್ಸಾಪ್‌ನಲ್ಲಿ ಹರಿದಾಡಿದ್ದು ನೆನಪಿರಬಹುದು. ಅಚ್ಚಿನಲ್ಲಿ ಕೆಟ್ಟ ನೋಟಿನ ಬದಲಿಗೆ ಹಾಕುವ ನೋಟಿಗೆ ಆ ಗುರುತು. ಅದು ಪೂರ್ತಿ ಚಲಾವಣೆಯದೇ ಅಂತ 2023ರ ಜುಲೈನಲ್ಲಿ ರಿಸರ್ವ್ ಬ್ಯಾಂಕೇ ಹೇಳಿದೆ. ಹಸಿರು ಪಟ್ಟಿ ಗವರ್ನರ್ ಸಹಿಯ ಹತ್ತಿರ ಇರದೆ ಗಾಂಧೀಜಿ ಹತ್ತಿರ ಇದ್ದರೆ ಖೋಟಾ ಅನ್ನುವುದೂ ಅಂಥದೇ ಸುಳ್ಳು ಸುದ್ದಿ. ಹಿಂಭಾಗದಲ್ಲಿ ಕಾಂಚನಜುಂಗಾ ಬೆಟ್ಟ ಇರುವ ಹಳೆಯ ದೊಡ್ಡ 100ರ ನೋಟು ನಡೆಯುತ್ತದೆ. ಪೆನ್ನಿನಲ್ಲಿ ಲೆಕ್ಕ ಬರೆದ ನೋಟೂ ನಡೆಯುತ್ತದೆ, ಬರೆಯುವುದು ಒಳ್ಳೆಯದಲ್ಲ ಅಷ್ಟೇ. 10 ರೂಪಾಯಿ ನಾಣ್ಯದ ಜಗಳ ಇನ್ನೂ ಮುಗಿದಿಲ್ಲ ನೋಡಿ. 14 ವಿನ್ಯಾಸಗಳಿವೆ, ಎಲ್ಲವೂ ಚಲಾವಣೆಯಲ್ಲಿವೆ ಅಂತ 2018ರ ಜನವರಿಯಲ್ಲೇ ರಿಸರ್ವ್ ಬ್ಯಾಂಕ್ ಹೇಳಿ ಆಗಿದೆ.

ಗೆರೆ ಎಳೆದು ನೋಡುವ ಅಯೋಡಿನ್ ಪೆನ್ನು ಬೇಡ. ಅದು ಹುಡುಕುವುದು ಕಾಗದದ ಗಂಜಿಯನ್ನು. ಗಂಜಿ ಹಾಕಿದ ಅಂಗಿಯ ಜೊತೆ ನೆನೆದ ನೋಟು, ಅಕ್ಕಿ ಹಿಟ್ಟು ಮೆತ್ತಿದ ನೋಟು ಎಲ್ಲವೂ ಅದಕ್ಕೆ ಖೋಟಾ. ಜೊತೆಗೆ ನೋಟಿನ ಮೇಲೆ ಗೀಚಿದ್ದೂ ಆಗುತ್ತದೆ. ರಿಸರ್ವ್ ಬ್ಯಾಂಕಿನ ಮಣಿ ಆ್ಯಪ್ ಕೂಡ ಈ ಕೆಲಸಕ್ಕಲ್ಲ. ಕಣ್ಣು ಕಾಣದವರಿಗೆ ಇದು ಎಷ್ಟರ ನೋಟು ಅಂತ ಅದು ಹೇಳುತ್ತದೆ, ಅಸಲಿಯೋ ನಕಲಿಯೋ ಹೇಳುವುದಿಲ್ಲ.

ಇಪ್ಪತ್ತು ರೂಪಾಯಿ ಸಾಮಾನಿಗೆ 500 ಕೊಟ್ಟರೆ ಅನುಮಾನ ಪಡಿ ಅನ್ನುವ ಸಲಹೆ ಎಲ್ಲ ಕಡೆ ಇದೆ. ಖೋಟಾ ದಾಟಿಸುವವರು ಚಿಲ್ಲರೆಗೇ ಬರುತ್ತಾರೆ ಅನ್ನುವುದೇನೋ ನಿಜ. ಆದರೆ ಬಟವಾಡೆಯ ಮಾರನೇ ದಿನ, ಸಂತೆಯ ದಿನ ನಮ್ಮಲ್ಲಿ ಎಲ್ಲರ ಕೈಯಲ್ಲೂ 500ರ ನೋಟೇ. ಅವತ್ತು ನಡವಳಿಕೆ ನೋಡಿ ತೀರ್ಮಾನ ಮಾಡಿದರೆ ಬಡವರನ್ನೇ ಕಳ್ಳರು ಅಂದ ಹಾಗಾಗುತ್ತದೆ. ನೋಟನ್ನು ನೋಡಿ, ಅಂಗಿಯನ್ನು ನೋಡಬೇಡಿ.

ಖೋಟಾ ಅಂತ ಗೊತ್ತಾದ ಮೇಲೆ

ಗಿರಾಕಿ ಎದುರಿಗೇ ಇದ್ದರೆ ಹಾವೂ ಸಾಯಬೇಕು, ಕೋಲೂ ಮುರಿಯಬಾರದು. "ಅಣ್ಣಾ, ಇದು ಯಾಕೋ ಮಷಿನ್‌ನಲ್ಲಿ ಹೋಗ್ತಿಲ್ಲ, ಬೇರೆ ಇದ್ರೆ ಕೊಡಿ, ಇಲ್ಲಾಂದ್ರೆ ಫೋನ್‌ಪೇ ಮಾಡಿ" ಅನ್ನಿ, ಸಾಕು. ಹತ್ತು ಜನರ ಮುಂದೆ ಖೋಟಾ ಅಂತ ಕೂಗಬೇಡಿ. ಅವರಿಗೂ ಯಾರೋ ಕೊಟ್ಟದ್ದೇ ಇರುತ್ತದೆ. ಆ ನೋಟನ್ನು ಇನ್ನೊಂದು ಅಂಗಡಿಯಲ್ಲಿ ಕೊಡಬೇಡಿ, ಬ್ಯಾಂಕಿಗೆ ತೋರಿಸಿ ಅಂತ ಹೇಳಿ. ಒಬ್ಬರ ಕೈಯಲ್ಲೇ ಒಂದೇ ನಂಬರಿನ ನೋಟುಗಳು ಬಂದರೆ ಮಾತ್ರ ಮಾತು ಬೆಳೆಸದೆ, ಸಾಮಾನು ಕೊಡದೆ, 112ಕ್ಕೆ ಫೋನ್ ಮಾಡಿ.

ರಾತ್ರಿ ಲೆಕ್ಕ ಮಾಡುವಾಗ ಸಿಕ್ಕರೆ ನಷ್ಟ ನಿಮ್ಮದೇ, ಅದಕ್ಕೆ ದಾರಿಯಿಲ್ಲ. ನಾಳೆ ಯಾರಿಗಾದರೂ ಚಿಲ್ಲರೆಯ ಜೊತೆ ದಾಟಿಸೋಣ ಅನ್ನುವ ಯೋಚನೆ ಬೇಡ. ಗೊತ್ತಿದ್ದೂ ಖೋಟಾ ನೋಟು ಚಲಾಯಿಸುವುದು ಭಾರತೀಯ ನ್ಯಾಯ ಸಂಹಿತೆಯ 179ನೇ ಕಲಂ ಪ್ರಕಾರ ಅಪರಾಧ. ಹತ್ತು ವರ್ಷದ ತನಕ, ಕೆಲವು ಸಲ ಜೀವಾವಧಿಯವರೆಗೂ ಶಿಕ್ಷೆ ಇದೆ. ಚಲಾಯಿಸುವ ಉದ್ದೇಶದಿಂದ ಇಟ್ಟುಕೊಂಡರೂ 180ನೇ ಕಲಂ ಇದೆ, ಏಳು ವರ್ಷದ ತನಕ. ನಿನ್ನೆ ರಾತ್ರಿ ತನಕ ಮೋಸಹೋದವರು ನೀವು, ಬೆಳಿಗ್ಗೆ ದಾಟಿಸಿದರೆ ಆರೋಪಿ ನೀವು.

ನೋಟನ್ನು ಒಂದು ಕವರಿಗೆ ಹಾಕಿ, ಯಾವತ್ತು, ಸುಮಾರು ಎಷ್ಟು ಹೊತ್ತಿಗೆ ಬಂತು ಅಂತ ಕವರಿನ ಮೇಲೆ ಬರೆದು ಬ್ಯಾಂಕಿಗೆ ಕೊಡಿ. ಕ್ಯಾಮೆರಾ ಇದ್ದರೆ ಆ ಹೊತ್ತಿನ ದೃಶ್ಯ ಅಳಿಸಿಹೋಗದ ಹಾಗೆ ತೆಗೆದಿಡಿ. ಖೋಟಾ ಅಂತ ಖಚಿತವಾದರೆ ಬ್ಯಾಂಕು ಅದರ ಮೇಲೆ ಖೋಟಾ ನೋಟು ಅನ್ನುವ ಮುದ್ರೆ ಒತ್ತಿ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ನಿಮ್ಮ ಖಾತೆಗೆ ದುಡ್ಡು ಜಮಾ ಆಗುವುದಿಲ್ಲ, ನೋಟೂ ವಾಪಸ್ ಬರುವುದಿಲ್ಲ. ಆದರೆ ರಸೀದಿ ಕೊಡಲೇಬೇಕು, ಅದನ್ನು ಕೇಳಿ ತಗೊಳ್ಳಿ. ಕೆಲವರು ರಸೀದಿಗೆ ಸಹಿ ಹಾಕಲು ಹೆದರಿ ಬಿಟ್ಟು ಬರುತ್ತಾರೆ. ಹೆದರುವ ಕಾರಣವಿಲ್ಲ. ಒಂದು ವ್ಯವಹಾರದಲ್ಲಿ ನಾಲ್ಕು ನೋಟಿನವರೆಗೆ ಸಿಕ್ಕರೆ ಬ್ಯಾಂಕು ತಿಂಗಳ ಕೊನೆಗೆ ಎಲ್ಲವನ್ನೂ ಒಟ್ಟು ಮಾಡಿ ಪೊಲೀಸರಿಗೆ ವರದಿ ಕಳಿಸುತ್ತದೆ. ಐದು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕೂಡಲೇ ಠಾಣೆಗೆ ತಿಳಿಸಿ ಎಫ್‌ಐಆರ್ ಮಾಡಿಸುತ್ತದೆ. ವಾರದ ವ್ಯಾಪಾರವನ್ನೆಲ್ಲ ಒಂದೇ ಸಲ ಕಟ್ಟುವ ಬದಲು ದಿನದಿನದ ಕಂತೆಯನ್ನು ಆಯಾ ದಿನವೇ ನೋಡಿ, ಕಟ್ಟಿನ ಮೇಲೆ ತಾರೀಖು ಬರೆದ ಚೀಟಿ ಸುತ್ತಿಡಿ. ಆಗ ಬ್ಯಾಂಕಿನಲ್ಲಿ ಸಿಕ್ಕಿಬಿದ್ದ ನೋಟು ಯಾವತ್ತಿನದು ಅಂತ ಹೇಳಲು ನಿಮಗೂ ಬರುತ್ತದೆ, ಕ್ಯಾಮೆರಾದಲ್ಲಿ ಯಾವ ದಿನ ಹುಡುಕಬೇಕು ಅಂತ ಪೊಲೀಸರಿಗೂ ಗೊತ್ತಾಗುತ್ತದೆ.